ನಡುವೆ ಪರದೆ ಇರುವ ಟೆಂಟು

ಟೆಂಟಿನ ಚೀಲದ ಮೇಲೆ ಬರೆದಿರುವ ಜನರ ಲೆಕ್ಕವನ್ನು ನಂಬಿದವನು ಕೆಟ್ಟ. ‘ನಾಲ್ಕು ಜನಕ್ಕೆ’ ಎಂದು ಬರೆದಿದ್ದರೆ ಆ ನಾಲ್ವರೂ ವಾರದಿಂದ ಊಟ ಬಿಟ್ಟವರಾಗಿರಬೇಕು, ಮಲಗಿದ ಮೇಲೆ ಯಾರೂ ಮಗ್ಗಲು ಬದಲಿಸಬಾರದು, ಚಪ್ಪಲಿ, ನೀರಿನ ಕ್ಯಾನು, ಬಟ್ಟೆಯ ಚೀಲ ಎಲ್ಲವೂ ಹೊರಗೇ ಇರಬೇಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಾನು ಮೂರು ಟೆಂಟು ತಂದು ಕಲಿತವನು.

ಹಾಗೆ ನೋಡಿದರೆ ಈ ವಿಷಯದಲ್ಲಿ ನಾನು ಬೇಸ್ತು ಬೀಳಬಾರದಿತ್ತು. ಚಳ್ಳಕೆರೆಯಲ್ಲಿ ನನ್ನದು ಫ್ಲೆಕ್ಸ್ ಬ್ಯಾನರಿನ ಅಂಗಡಿ. ಗೃಹಪ್ರವೇಶ, ಹುಟ್ಟುಹಬ್ಬ, ಭಾವಪೂರ್ಣ ಶ್ರದ್ಧಾಂಜಲಿ, ಯಾವುದೇ ಇರಲಿ, ಅಂಚು ಮಡಚಿ, ತೂತಿಗೆ ಬಳೆ ಹೊಡೆದು, ಪೈಪಿನ ಚೌಕಟ್ಟಿಗೆ ಬಿಗಿದು ನಿಲ್ಲಿಸಿ ಬರುವುದು ನನ್ನ ಕೆಲಸ. ನಮ್ಮೂರ ಗಾಳಿ ಎಂಥದ್ದೆಂದು ನನಗೆ ಗೊತ್ತು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರೆ ಅದು ಎಷ್ಟು ದಿನ ತಾಳೀತು ಎಂದು ಹೇಳಬಲ್ಲೆ. ಅಂಥ ನಾನು ಸಂಕ್ರಾಂತಿಯಲ್ಲಿ ಟೆಂಟು ಹುಡುಕಲು ಶುರು ಮಾಡಿದೆ, ಸರಿಯಾದದ್ದು ಕೈಗೆ ಬರುವಷ್ಟರಲ್ಲಿ ಬೇಸಿಗೆ ನೆತ್ತಿಗೇರಿತ್ತು.

ಇದೆಲ್ಲ ಶುರುವಾಗಿದ್ದು ನನ್ನ ದೊಡ್ಡ ಮಗಳಿಂದ. ಅವಳು ಎಸ್ಸೆಸ್ಸೆಲ್ಸಿಯಲ್ಲಿದ್ದಳು. ಪರೀಕ್ಷೆ ಮುಗಿದರೆ ಏನು ಬೇಕು ಎಂದು ಕೇಳಿದೆ. ಮೊಬೈಲ್ ಕೇಳುತ್ತಾಳೆ ಎಂದುಕೊಂಡು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

“ಅಜ್ಜಿ ಕುರಿ ಮೇಯಿಸ್ತಿದ್ದ ಜಾಗದಾಗೆ ಒಂದು ರಾತ್ರಿ ಮಲಗ್ಬೇಕು ಅಪ್ಪ. ಎಲ್ರೂ. ಅಜ್ಜಿ ನನ್ನ ಪಕ್ಕ ಇರ್ಬೇಕು. ಜೂನಿಗೆ ನಾನು ಹಾಸ್ಟೆಲ್ಲಿಗೆ ಹೋಗ್ತೀನಲ್ಲ.”

ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ. ಅವಳ ಹಟ್ಟಿ ಕೊಂಡ್ಲಹಳ್ಳಿಯ ಕಡೆ. ಮದುವೆಗೆ ಮುಂಚೆ ತನ್ನ ಅಪ್ಪನ ಕುರಿ ಹೊಡೆದುಕೊಂಡು ಬ್ರಹ್ಮಗಿರಿಯ ತನಕ ಹೋಗಿ, ಮಂದೆಯ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿ ಬರುತ್ತಿದ್ದವಳು. ಆ ಕತೆಗಳನ್ನು ಅವಳು ನನಗೆ ಹೇಳಿದ್ದು ಕಡಿಮೆ, ನನ್ನ ದೊಡ್ಡ ಮಗಳಿಗೆ ಹೇಳಿದ್ದೇ ಹೆಚ್ಚು. ತೋಳ ಬಂದಿದ್ದು, ನಾಯಿ ಕಳೆದುಹೋಗಿದ್ದು, ಮರಿ ಹಾಕಿದ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದು, ಎಲ್ಲ ಅವಳಿಗೆ ಬಾಯಿಪಾಠ. ಅಜ್ಜಿ ಬರದಿದ್ದರೆ ತಾನೂ ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಳು.

ಟೆಂಟು ಬೇಕೇಬೇಕು ಎಂದವಳು ನನ್ನ ಹೆಂಡತಿ. ಬಯಲಲ್ಲಿ ಕಂಬಳಿ ಹಾಸಿ ಮಲಗುವುದು ಅತ್ತೆಯ ಕಾಲಕ್ಕೆ ಸರಿ, ಎರಡು ಹೆಣ್ಣುಮಕ್ಕಳನ್ನು ಚೇಳು ಹಾವಿನ ನಡುವೆ ಮಲಗಿಸಲು ತಾನು ತಯಾರಿಲ್ಲ, ಜಿಪ್ಪು ಎಳೆದು ಮುಚ್ಚುವ ಬಾಗಿಲು ಇರಬೇಕು ಎಂದಳು. ಅದರಲ್ಲಿ ತಪ್ಪೇನಿಲ್ಲ. ಏಳು ಸೀಟಿನ ಹಳೇ ಗಾಡಿ ಮನೆ ಮುಂದೆ ನಿಂತಿತ್ತು. ಅದರ ಹಿಂದೆ ಟೆಂಟು ಹಾಕಿಕೊಂಡು ಹೋಗುವುದು, ಹೊಲದ ಬದಿಯಲ್ಲಿ ನಿಲ್ಲಿಸುವುದು, ಐದು ಜನ ಮಲಗುವುದು. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ ಎಂದುಕೊಂಡೆ.

ಮೊದಲನೇ ಟೆಂಟನ್ನು ಮೊಬೈಲಿನಲ್ಲಿ ನೋಡಿ ತರಿಸಿದೆ. ಚಿತ್ರದಲ್ಲಿ ಒಳಗೆ ಒಂದು ಮೇಜು, ಎರಡು ಕುರ್ಚಿ, ನಗುವ ಗಂಡಹೆಂಡತಿ, ಒಂದು ನಾಯಿ. ತಾರಸಿಯ ಮೇಲೆ ನಿಲ್ಲಿಸಿ ನೋಡಿದಾಗ ಅದು ನಾಯಿಗೆ ಮಾತ್ರ ಸರಿಹೋಗುವಂತಿತ್ತು. ನನ್ನ ಹೆಂಡತಿ ಮೊಳಕಾಲ್ಮುರಿನ ನೇಕಾರರ ಮನೆಯವಳು. ಯಾವ ಬಟ್ಟೆ ಕಂಡರೂ ಅವಳ ಕೈ ತಾನಾಗಿ ಮೊಳ ಹಾಕುತ್ತದೆ. ಮಂಡಿ ಊರಿ ಒಳಗೆ ಹೋದವಳು ಮೊಣಕೈ ಇಟ್ಟು ಅಳೆಯುತ್ತಾ ಹೋಗಿ, ಐದನೇ ಮೊಳಕ್ಕೆ ಎದುರಿನ ಬಟ್ಟೆಗೆ ಗುದ್ದಿ ನಿಂತಳು.

“ಐದು ಮೊಳಾನೂ ಇಲ್ಲ. ಐದು ಜನ ಹೆಂಗ್ರಿ ಮಲಗೋದು, ಒಬ್ಬರ ಮ್ಯಾಲೆ ಒಬ್ರಾ?”

“ನಾಲ್ಕು ಜನಕ್ಕೆ ಅಂತ ಬರ್ದೈತೆ. ಸಣ್ಣೋಳು ನಡುವೆ ಅಡ್ಜಸ್ಟ್ ಆಗ್ತಾಳೆ.”

“ಹೊಲಿಗೆ ನೋಡಿದ್ರಾ? ನಮ್ಮಪ್ಪ ನೋಡಿದ್ರೆ ಇದನ್ನ ಗೋಣಿಚೀಲಕ್ಕೂ ಬ್ಯಾಡ ಅಂತಿದ್ದ.”

ಅವಳ ಮಾತು ನನಗೆ ಅಷ್ಟು ತಾಗಲಿಲ್ಲ, ಏಕೆಂದರೆ ನನ್ನ ಕಣ್ಣು ಅವ್ವನ ಮೇಲಿತ್ತು. ಅವಳು ಮೆಟ್ಟಿಲು ಹತ್ತಿ ಬಂದು, ಕಟ್ಟೆ ಹಿಡಿದು ನಿಂತು, ಟೆಂಟಿನ ಬಾಗಿಲನ್ನೇ ನೋಡುತ್ತಿದ್ದಳು. ನನ್ನ ಸೊಂಟದಷ್ಟು ಎತ್ತರದ ಬಾಗಿಲು. ಒಳಗೆ ಹೋಗಿ ನೋಡು ಎಂದೆ. ಅವಳು ಕದಲಲಿಲ್ಲ.

“ನಾನು ಬರಲ್ಲ ಕಣಪ್ಪ. ನೀವು ಹೋಗ್ಬನ್ನಿ.”

“ಯಾಕವ್ವ?”

“ಮಂಡಿ ಆಗಂಗಿಲ್ಲ.”

ಇಷ್ಟೇ ಹೇಳಿ ಕೆಳಗಿಳಿದು ಹೋದಳು. ನಾನು ನಂಬಲಿಲ್ಲ. ದಿನವೂ ಕುಕ್ಕರಗಾಲಲ್ಲಿ ಕೂತು ಸೊಪ್ಪು ಸೋಸುವವಳು, ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುವವಳು, ಮೆಟ್ಟಿಲು ಹತ್ತಿಳಿಯುವವಳು ಇದೇ ಅವ್ವ. ಮಂಡಿ ಇವತ್ತು ಮಾತ್ರ ಕೈಕೊಟ್ಟಿತೇ? ಚಿಕ್ಕದು ಎಂದು ಬೇಜಾರಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಟೆಂಟನ್ನು ವಾಪಸು ಕಳಿಸಿದೆ. ಅದನ್ನು ಮತ್ತೆ ಆ ಚೀಲದೊಳಗೆ ತುರುಕಲು ಅರ್ಧ ದಿನ ಹಿಡಿಯಿತು. ಚೀಲದಿಂದ ಹೊರಗೆ ಬರುವ ಟೆಂಟಿಗೂ ಒಳಗೆ ಹೋಗಬೇಕಾದ ಟೆಂಟಿಗೂ ಸಂಬಂಧವೇ ಇರುವುದಿಲ್ಲ.

ಎರಡನೆಯದು ‘ಆರು ಜನಕ್ಕೆ’. ಕೋಲು ಜೋಡಿಸುವ ತಾಪತ್ರಯವೇ ಇಲ್ಲ, ಕಟ್ಟು ಬಿಚ್ಚಿ ಎಸೆದರೆ ತಾನಾಗಿ ಅರಳಿ ನಿಲ್ಲುತ್ತದೆ ಎಂದು ವಿಡಿಯೋದಲ್ಲಿ ತೋರಿಸಿದ್ದರು. ಅರಳಿದ್ದು ನಿಜ. ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಕಟ್ಟು ಬಿಚ್ಚಿದೆ. ಗೂಟ ಹೊಡೆಯಲು ಸುತ್ತಿಗೆ ತರೋಣ ಎಂದು ನಾನು ತಿರುಗುವಷ್ಟರಲ್ಲಿ ಗಾಳಿ ಬಂತು. ಟೆಂಟು ಎದ್ದು, ಎರಡು ಸಲ ಉರುಳಿ, ಸೈಟಿನ ಕೊನೆಯಲ್ಲಿದ್ದ ಜಾಲಿ ಮುಳ್ಳಿನ ಮೆಳೆಗೆ ಹೋಗಿ ಒರಗಿಕೊಂಡಿತು. ಬಿಡಿಸುವಾಗ ನಾಲ್ಕು ಕಡೆ ಹರಿಯಿತು. ಹರಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಫೋನಿನಲ್ಲಿ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. ಇಪ್ಪತ್ತು ವರ್ಷ ಬ್ಯಾನರ್ ಕಟ್ಟಿದವನು ಗೂಟ ಹೊಡೆಯದೆ ಬಟ್ಟೆ ಬಿಟ್ಟೆನಲ್ಲ ಎಂದು ನನ್ನ ಮೇಲೆ ನನಗೇ ರೇಗಿತು.

ಹರಿದ ಜಾಗಕ್ಕೆ ಫ್ಲೆಕ್ಸ್ ತುಂಡು ಅಂಟಿಸಿ, ಗೂಟ ಹೊಡೆದು, ಅವ್ವನನ್ನು ಕರೆದೆ. ಇದರಲ್ಲಿ ಜಾಗ ಧಾರಾಳವಾಗಿತ್ತು. ಮಕ್ಕಳಿಬ್ಬರೂ ಒಳಗೆ ಉರುಳಾಡಿ ಬಂದಿದ್ದರು. ಅವ್ವ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬಾಗಿಲ ಮುಂದೆ ಸ್ವಲ್ಪ ಬಾಗಿದಳು. ಆಮೇಲೆ ನೆಟ್ಟಗಾದಳು.

“ಬ್ಯಾಡಪ್ಪ. ನೀವು ಹೋಗ್ಬನ್ನಿ.”

ದೊಡ್ಡವಳ ಮುಖ ಬಾಡಿತು. ಅವಳು ಮನೆಗೆ ಹೋಗಿ ಪುಸ್ತಕ ಹಿಡಿದು ಕೂತಳು. ನನಗೆ ತಡೆಯಲಾಗಲಿಲ್ಲ.

“ಇನ್ನೆಷ್ಟು ದೊಡ್ಡದು ತರ್ಲಿ ಹೇಳವ್ವ. ಕಲ್ಯಾಣಮಂಟಪಾನೇ ಎತ್ಕಂಡು ಬರ್ಲಾ? ಆ ಹುಡ್ಗಿ ಕೇಳಿದ್ದು ಇದೊಂದೇ. ನಿಂಗೆ ಅಷ್ಟೂ ಆಗಲ್ವ?”

“ಸಿಟ್ಟು ಯಾಕೋ ಮಾಡ್ಕಂತೀಯ? ಬಯಲಾಗೆ ಅಂದಿದ್ರೆ ಬರ್ತಿದ್ದೆ. ಇದ್ರಾಗೆ ನನ್ನ ಕೈಲಿ ಆಗಲ್ಲ.”

ಅವಳ ಮಾತಿನಲ್ಲಿ ಉತ್ತರ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ. ನಾನು ಕೋಪದಲ್ಲಿದ್ದೆ. ಕೋಪದಲ್ಲಿದ್ದಾಗ ನನಗೆ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ. ಆ ದಿನ ಸಂಜೆ ಅಂಗಡಿಯಲ್ಲಿ ಕೂತಿದ್ದಾಗ ಹಾಗೇ ಒಂದು ವಿಷಯ ಥಟ್ಟನೆ ಹೊಳೆಯಿತು.

ನಮ್ಮ ಹಟ್ಟಿಯಲ್ಲಿ ಹೆಣ್ಣುಮಕ್ಕಳು ಮುಟ್ಟಾದರೆ ಒಳಗಿರುವಂತಿರಲಿಲ್ಲ. ಹಟ್ಟಿಯ ಮುಳ್ಳುಬೇಲಿಯ ಆಚೆ ಸೊಪ್ಪು ಹೊದಿಸಿದ ಪುಟ್ಟ ಗುಡಿಸಲು, ನಮ್ಮ ಮಾತಿನಲ್ಲಿ ಗುಡ್ಲು, ಇರುತ್ತಿತ್ತು. ಮೂರು ದಿನವೋ ಐದು ದಿನವೋ ಅಲ್ಲಿದ್ದು, ಮಿಂದು, ಒಳಗೆ ಬರಬೇಕು. ಇವತ್ತಿಗೂ ಅದು ಎಲ್ಲ ಕಡೆ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಚಳ್ಳಕೆರೆಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಅದರ ಮಾತೇ ಎದ್ದಿರಲಿಲ್ಲ. ಅವ್ವ ಯಾವತ್ತೂ ನನ್ನ ಹೆಂಡತಿಗೆ ‘ಅಲ್ಲಿ ಮುಟ್ಟಬೇಡ, ಇಲ್ಲಿ ಕೂರಬೇಡ’ ಎಂದವಳಲ್ಲ. ಆದರೆ ದೇವರ ಗೂಡು ಇರುವ ಕೋಣೆಯಲ್ಲಿ ಅವ್ವ ಮಲಗುತ್ತಿದ್ದಳು, ದೊಡ್ಡ ಮಗಳೂ ಅವಳ ಜೊತೆ ಮಲಗುತ್ತಿದ್ದಳು, ಕೆಲವು ರಾತ್ರಿ ಮಾತ್ರ ಹುಡುಗಿ ಹಾಸಿಗೆ ಸುತ್ತಿಕೊಂಡು ಹಾಲಿಗೆ ಬರುತ್ತಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ. ಈಗ ಎಲ್ಲವೂ ಕೂಡಿಬಂದಂತೆ ಕಂಡಿತು. ಒಂದೇ ಕೋಣೆಯ ಟೆಂಟು. ಮೂರು ಹೆಂಗಸರು ಮುಟ್ಟಿನ ವಯಸ್ಸಿನವರು ಎಂದು ಲೆಕ್ಕ ಹಾಕಬೇಡಿ, ಚಿಕ್ಕವಳಿಗೆ ಇನ್ನೂ ಹತ್ತು. ಆದರೂ ಹೆಂಡತಿ, ದೊಡ್ಡ ಮಗಳು ಇಬ್ಬರಲ್ಲಿ ಒಬ್ಬರಿಗೆ ಆ ದಿನವೇ ಆಗಿಬಿಟ್ಟರೆ? ಅವ್ವ ಅದನ್ನು ಬಾಯಿಬಿಟ್ಟು ಹೇಳಲಾರಳು, ಸೊಸೆ ನೊಂದುಕೊಂಡಾಳು ಎಂದು ಮಂಡಿಯ ನೆಪ ಹೇಳುತ್ತಿದ್ದಾಳೆ. ಎಷ್ಟು ಸೂಕ್ಷ್ಮದವಳು ನಮ್ಮವ್ವ, ಎಷ್ಟು ಬೇಗ ತಿಳಿದುಕೊಂಡೆ ನಾನು ಎಂದು ಒಳಗೊಳಗೇ ಬೀಗಿದೆ.

ಹೆಂಡತಿಗೆ ಹೇಳಿದೆ. ಅವಳು ಕುಕ್ಕರಿನ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು.

“ಅತ್ತೇನ್ನೇ ಕೇಳ್ರಿ.”

“ಇಂಥದ್ದನ್ನ ಅವ್ವನ್ನ ಕೇಳಾಕಾಗ್ತೈತಾ?”

“ನಂಗೆ ಹಂಗನ್ನಿಸಲ್ಲ. ಆದ್ರೆ ನಿಮಗೆ ಒಂದ್ಸಲ ತಲೆಗೆ ಹೊಕ್ರೆ ಮುಗೀತು. ಚಾಲು, ಏನಾರ ಮಾಡ್ಕಳ್ರಿ.”

ಅವಳಿಗೆ ಬೇಸರವಾದಾಗ ತವರಿನ ತೆಲುಗು ಹಾಗೆ ನುಗ್ಗುತ್ತದೆ. ಸಾಕು ಎಂದು ಅರ್ಥ. ನನಗೆ ಸಾಕಾಗಿರಲಿಲ್ಲ. ನನಗೆ ಈಗ ಬೇಕಾಗಿದ್ದು ಬರಿ ದೊಡ್ಡ ಟೆಂಟಲ್ಲ, ನಡುವೆ ಗೋಡೆ ಇರುವ ಟೆಂಟು. ಎರಡು ಕಡೆ ಎರಡು ಬಾಗಿಲು ಇದ್ದರೆ ಇನ್ನೂ ಒಳ್ಳೆಯದು.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಪೇಟೆಯಲ್ಲಿ ಲಾರಿ ತಾಡಪಾಲು ಮಾರುವ ಸಾಹೇಬರು ನನಗೆ ಹಳೆಯ ಪರಿಚಯ. ಅವರು ನನ್ನ ಮಾತೆಲ್ಲ ತಾಳ್ಮೆಯಿಂದ ಕೇಳಿ, ಮೂಲೆಯಲ್ಲಿದ್ದ ದಪ್ಪ ಹಸಿರು ತಾಡಪಾಲನ್ನು ಎಳೆದು ಹಾಕಿದರು.

“ಇದನ್ನ ನಡುವೆ ಕಟ್ಟಿಬಿಡಿ. ಬಿಲ್‌ಕುಲ್ ಗೋಡೆ ಥರಾನೇ. ಆಕಡೆ ಮಾತಾಡಿದ್ದು ಈಕಡೆ ಕೇಳ್ಸಲ್ಲ.”

ಅದನ್ನು ಎತ್ತಲು ಇಬ್ಬರು ಬೇಕಾಯಿತು. ಅದು ಗಾಡಿಯಲ್ಲಿ ಕೂತರೆ ನಾವು ಐದು ಜನ ಬಸ್ಸಿನಲ್ಲಿ ಹೋಗಬೇಕು. ಶಾಮಿಯಾನದವನನ್ನು ಕೇಳಿದೆ. ಅವನು ಜೊತೆಗೆ ನೂರು ಕುರ್ಚಿಯನ್ನೂ ಕಳಿಸುವುದಾಗಿ ಹೇಳಿದ, ಅಡುಗೆಯವರು ಬೇಕೇ ಎಂದೂ ವಿಚಾರಿಸಿದ. ಮೊಬೈಲಿನಲ್ಲಿ ಹುಡುಕಿದರೆ ಒಂದಕ್ಕೆ ಗೋಡೆ ಇತ್ತು, ಎತ್ತರ ಇರಲಿಲ್ಲ. ಒಂದಕ್ಕೆ ಎತ್ತರ ಇತ್ತು, ನೆಲ ಇರಲಿಲ್ಲ. ಒಂದಕ್ಕೆ ಎಲ್ಲ ಇತ್ತು, ನಮ್ಮ ಪಿನ್‌ಕೋಡಿಗೆ ಕಳಿಸುವುದಿಲ್ಲ ಎಂದು ಬರುತ್ತಿತ್ತು. ಕೊಂಡವರ ಅಭಿಪ್ರಾಯ ಓದಿದರೆ ಒಬ್ಬ ‘ಅರಮನೆಯಂತಿದೆ’ ಎನ್ನುತ್ತಾನೆ, ಅದರ ಕೆಳಗೇ ಇನ್ನೊಬ್ಬ ‘ಮೊದಲ ಮಳೆಗೆ ಕೊಳವಾಯಿತು’ ಎನ್ನುತ್ತಾನೆ. ಯಾರನ್ನು ನಂಬುವುದು? ಗಿರಾಕಿಗಳು ಬಂದು ಬ್ಯಾನರಿನಲ್ಲಿ ಫೋಟೋ ಯಾವ ಕಡೆ ಬರಬೇಕೆಂದು ಹೇಳುತ್ತಿದ್ದರೆ ನಾನು ಮೇಜಿನ ಕೆಳಗೆ ಮೊಬೈಲ್ ಹಿಡಿದು ಟೆಂಟಿನ ಗೋಡೆ ನೋಡುತ್ತಿದ್ದೆ. ಒಬ್ಬರ ತಿಥಿಯ ಬ್ಯಾನರಿನಲ್ಲಿ ಊರಿನ ಹೆಸರೇ ತಪ್ಪಿ, ಮತ್ತೆ ಮಾಡಿಕೊಟ್ಟೆ.

ಕೊನೆಗೆ ರಾಂಪುರ ದಾಟಿ ಬಳ್ಳಾರಿಗೇ ಹೋದೆ. ಅಲ್ಲಿ ಒಂದು ಅಂಗಡಿಯಲ್ಲಿ ಎಂಟು ಜನರ, ಎರಡು ಕೋಣೆಯ ಟೆಂಟು ಇದೆ ಎಂದು ಗೊತ್ತಾಗಿತ್ತು. ನಿಲ್ಲಿಸಿ ತೋರಿಸಿ ಎಂದರೆ ಜಾಗ ಇಲ್ಲ ಎಂದರು. ಟೆಂಟು ಮಾರುವ ಅಂಗಡಿಯಲ್ಲಿ ಟೆಂಟು ನಿಲ್ಲಿಸಲು ಜಾಗ ಇಲ್ಲ. ಫೋಟೋ ನೋಡಿ ಸಾರ್ ಎಂದರು. ಫೋಟೋ ನೋಡಿ ನೋಡಿ ನನ್ನ ಕಣ್ಣು ಸವೆದಿತ್ತು. ನಡುವಿನ ಪರದೆಯನ್ನಾದರೂ ಹೊರಗೆ ತೆಗೆಸಿ, ದೀಪದ ಎದುರು ಹಿಡಿದು, ಆಚೆ ಕಾಣುತ್ತದೆಯೇ ಎಂದು ನೋಡಿದೆ.

“ಯಾರಿಗೆ ಸಾರ್ ಪರದೆ? ಎಲ್ರೂ ಅದನ್ನ ಚೀಲದಲ್ಲೇ ಬಿಟ್ಟಿರ್ತಾರೆ,” ಎಂದ ಮಾರುವವನು.

“ಮನೆಯಾಗೆ ಹಿರೇರದಾರೆ.”

“ಓ,” ಎಂದು ಅವನು ಬೇರೆ ಕಡೆ ನೋಡಿದ. ಅವನು ಏನು ತಿಳಿದುಕೊಂಡನೋ.

ಮುಂದಿನ ಭಾನುವಾರ ಖಾಲಿ ಸೈಟಿನಲ್ಲಿ ಮೊದಲು ಗೂಟ ಹೊಡೆದು, ಆಮೇಲೆ ಬಟ್ಟೆ ಬಿಚ್ಚಿ, ಮೂರನೇ ಟೆಂಟು ನಿಲ್ಲಿಸಿದೆ. ಕೋಲುಗಳ ಮೇಲೆ ಬರೆದಿದ್ದ ನಂಬರಿಗೂ ಕಾಗದದ ಮೇಲಿನ ನಂಬರಿಗೂ ತಾಳೆಯಾಗದೆ ಮಧ್ಯಾಹ್ನದ ಊಟ ತಪ್ಪಿತು. ನಿಂತ ಮೇಲೆ ಮಾತ್ರ ಒಪ್ಪಬೇಕು, ಅದು ಮನೆಯ ಹಾಗಿತ್ತು. ಹೆಂಡತಿ ಮೊಳ ಹಾಕಿ ಹೊರಗೆ ಬಂದು, ಪರವಾಗಿಲ್ಲ ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಅವ್ವ ಬಂದಳು. ಬಾಗಿಲು ಅವಳ ತಲೆಗಿಂತ ಎತ್ತರವಿತ್ತು. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಡೆದು ಒಳಗೆ ಹೋದಳು. ನಡುವೆ ನಿಂತು ಕೈ ಎತ್ತಿದಳು. ಕೈ ಮೇಲಿನ ಬಟ್ಟೆಗೆ ತಾಕಲಿಲ್ಲ.

“ಹೂಂ. ಇದಾದ್ರೆ ಬರ್ತೀನಿ,” ಎಂದಳು.

“ನಡುವೆ ಪರದೆನೂ ಐತವ್ವ. ಹಾಕಿದ್ರೆ ಎರಡು ಕೋಣೆ ಆಗ್ತೈತೆ.”

“ಅದ್ಯಾಕೆ?”

“ಇರ್ಲಿ ಅಂತ.”

ದೊಡ್ಡವಳು ಓಡಿಬಂದು ಅಜ್ಜಿಯನ್ನು ತಬ್ಬಿಕೊಂಡಳು. ನಾನು ಹೆಂಡತಿಯ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದೆ. ಪರದೆಯೇ ಗೆದ್ದಿತು ಎಂದು ನಾನು ಲೆಕ್ಕ ಹಾಕಿಯಾಗಿತ್ತು.

ಪರೀಕ್ಷೆ ಮುಗಿದ ಎರಡನೇ ವಾರ ಹೊರಟೆವು. ಸಿದ್ದಾಪುರದ ಹತ್ತಿರ ಬ್ರಹ್ಮಗಿರಿ ಎದುರಿಗೇ ಕಾಣುವಂತೆ ಪರಿಚಯದವರ ಹೊಲ ಇತ್ತು. ಶೇಂಗಾ ಕಿತ್ತ ಮೇಲೆ ಬಿಟ್ಟ ಬಯಲು. ಅಲ್ಲೇ ಬಂಡೆಯ ಮೇಲಿರುವ ಹಳೇ ಶಾಸನ ನೋಡೋಣವೇ ಎಂದರೆ, ಶಾಲೆಯಿಂದ ಎರಡು ಸಲ ತೋರಿಸಿದ್ದಾರೆ, ಮತ್ತೆ ಬೇಡ ಎಂದಳು ಚಿಕ್ಕವಳು. ಅವ್ವ ಗಾಡಿಯಿಂದ ಇಳಿದವಳೇ ಬೆಟ್ಟದ ಬುಡದ ಕಡೆ ನಡೆದಳು. ಚಿಕ್ಕವಳು ಅವಳ ಹಿಂದೆ ಓಡಿದಳು. ನಾನು ಕೋಲುಗಳ ಜೊತೆ ಕುಸ್ತಿಗೆ ನಿಂತೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ನೆಲ ಕಲ್ಲಿನಂತಾಗಿ ಗೂಟಗಳು ಒಂದೊಂದಾಗಿ ಬಾಗಿದವು. ಒಂದು ಮೂಲೆ ಎತ್ತಿದರೆ ಇನ್ನೊಂದು ಕೂರುತ್ತಿತ್ತು. ಆ ಕಡೆ ಹಿಡಿ ಎಂದರೆ ಹೆಂಡತಿ ಈ ಕಡೆ ಹಿಡಿಯುತ್ತಿದ್ದಳು, ನಾನು ಕೂಗುತ್ತಿದ್ದೆ, ಅವಳು ತಿರುಗಿ ಕೂಗುತ್ತಿದ್ದಳು.

ಟೆಂಟು ನಿಂತ ಮೇಲೆ ದೊಡ್ಡವಳು ಅವಳ ಅಮ್ಮನನ್ನು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಹೆಂಡತಿ ನನ್ನ ಹತ್ತಿರ ಬಂದು, ದನಿ ತಗ್ಗಿಸಿ, “ಅವಳಿಗೆ ಆಗೈತೆ. ಹೊಟ್ಟೆನೋವು ಅಂತಾಳೆ, ಸ್ವಲ್ಪ ಮಲಗ್ಲಿ,” ಎಂದಳು.

ಈಗ ಬರೆಯಲು ನಾಚಿಕೆಯಾಗುತ್ತದೆ. ಆ ಕ್ಷಣ ನನಗೆ ಆಗಿದ್ದು ಖುಷಿ. ಇಷ್ಟು ತಿಂಗಳು ಒದ್ದಾಡಿ ತಂದ ಪರದೆ ಸಾರ್ಥಕವಾಯಿತು ಎಂಬ ಖುಷಿ. ಚೀಲದಿಂದ ಅದನ್ನು ತೆಗೆದು, ಕೊಕ್ಕೆ ಸಿಕ್ಕಿಸಿ, ಜಿಪ್ಪು ಎಳೆದು, ಎರಡು ಕೋಣೆ ಮಾಡಿದೆ. ಹಿಂದಿನ ಚಿಕ್ಕ ಕೋಣೆಯಲ್ಲಿ ಒಂದು ಚಾಪೆ ಹಾಸಿದೆ. ಹೆಂಡತಿ ಗಾಡಿಯಿಂದ ಅಡುಗೆ ಸಾಮಾನು ಇಳಿಸುತ್ತಿದ್ದಳು, ಇದನ್ನು ಗಮನಿಸಲಿಲ್ಲ.

“ನೀನು ಆ ಕಡೆ ಮಲಕ್ಕೋ ಮಗಳೇ. ಈ ಕಡೆ ಅಜ್ಜಿ ಇರ್ತಾಳಲ್ಲ,” ಎಂದೆ.

ನಾನು ಯಾವುದೇ ಮಾತು ಹೇಳಲಿ, ‘ಯಾಕೆ’ ಎನ್ನದೆ ಬಿಡುವ ಹುಡುಗಿಯಲ್ಲ ಅವಳು. ಅವತ್ತು ಕೇಳಲಿಲ್ಲ. ನನ್ನ ಮುಖ ಒಂದು ಸಲ ನೋಡಿದಳು. ದಿಂಬು ಎತ್ತಿಕೊಂಡು, ಟೆಂಟಿನ ಹೊರಗಿನಿಂದ ಸುತ್ತುಹಾಕಿ, ಹಿಂದಿನ ಬಾಗಿಲಿನಿಂದ ಒಳಗೆ ಹೋದಳು.

ಬೆಟ್ಟದ ಕಡೆಯಿಂದ ವಾಪಸು ಬಂದ ಅವ್ವನ ಮುಖ ಎಂದೂ ಇಲ್ಲದಷ್ಟು ಹಸನಾಗಿತ್ತು. ನೀರು ಕುಡಿಯುತ್ತಿದ್ದ ಬಂಡೆ ಹಾಗೇ ಇದೆ ಎಂದು ಹೇಳಿಕೊಂಡೇ ಒಳಗೆ ಬಂದಳು. ಬಂದವಳು ಪರದೆ ನೋಡಿ ನಿಂತಳು.

“ದೊಡ್ಡೋಳೆಲ್ಲಿ?”

“ಆ ಕಡೆ ಅವಳೆ. ಅವಳಿಗೆ ಆಗೈತಂತೆ. ನಿಂಗೆ ತೊಂದ್ರೆ ಆಗದಂಗೆ ಮಾಡೀನವ್ವ. ಊಟಾನೂ ಆ ಬಾಗ್ಲಿಂದ್ಲೇ ಕೊಡಾನ.”

“ನಂಗೇನೋ ತೊಂದ್ರೆ?”

“ನೀನು ಬಾಯಿಬಿಟ್ಟು ಹೇಳ್ದಿದ್ರೂ ನಂಗೆ ಗೊತ್ತಾಗಲ್ವ? ಅದಕ್ಕೇ ಅಲ್ವ ಮೊದ್ಲಿನ ಎರಡೂ ಬ್ಯಾಡ ಅಂದಿದ್ದು. ಮನೆಯಾಗೂ ಅವಳು ಆ ದಿನ ಹಾಲಿಗೆ ಬಂದು ಮಲಗ್ತಾಳಲ್ಲ.”

“ಲೈಟ್ ಹಾಕ್ಕಂಡು ಓದಾಕೆ ರೀ ಅವಳು ಹಾಲಿಗೆ ಬರ್ತಿದ್ದಿದ್ದು,” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. ಪಾತ್ರೆ ಅವಳ ಕೈಯಲ್ಲೇ ಇತ್ತು.

ಅವ್ವ ನನ್ನನ್ನು ನೋಡಿದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ.

“ನೀನು ತಂದಿದ್ದವಲ್ಲ, ಅವುಗಳ ಬಾಗ್ಲು ನೋಡಿದ್ಯೇನೋ? ತಲೆ ತಗ್ಗಿಸಿ, ಮಂಡಿ ಊರ್ಕಂಡು ಹೋಗ್ಬೇಕು. ಗುಡ್ಲಿನ ಬಾಗ್ಲೂ ಅಷ್ಟೇ ಇತ್ತು. ತಿಂಗ್ಳು ತಿಂಗ್ಳು ಹಂಗೇ ಹೋದೆ. ನೀನು ಹೊಟ್ಯಾಗಿದ್ದೆ, ನೋವು ಸುರುವಾಗಿತ್ತು, ಅವಾಗ್ಲೂ ಮಂಡಿ ಊರ್ಕಂಡೇ ಹೋದೆ. ನೀನು ಹುಟ್ಟಿದ್ದು ಅದ್ರಾಗೆ. ಮಳೆ ಹೊಡ್ದು ಒಳಗೆಲ್ಲ ನೀರು. ಕಾಲು ಚಾಚಾಕೆ ಜಾಗ ಇಲ್ಲ, ನಿನ್ನ ಮಡ್ಲಾಗಿಟ್ಕಂಡು ಕುಂತೇ ಇದ್ದೆ. ಇನ್ನ ಅಂಥ ಬಾಗ್ಲಾಗೆ ಹೋಗಲ್ಲ ಅಂತ ಅವತ್ತೇ ಅಂದ್ಕಂಡಿದ್ದೆ.”

ನಾನು ಹಟ್ಟಿಯಲ್ಲಿ ಹುಟ್ಟಿದವನು ಎಂದು ಗೊತ್ತಿತ್ತು. ಬೇಲಿಯ ಒಳಗಲ್ಲ, ಹೊರಗೆ ಎಂದು ಯಾರೂ ಹೇಳಿರಲಿಲ್ಲ. ನಲವತ್ತಾರು ವರ್ಷದಲ್ಲಿ ನಾನೂ ಕೇಳಿರಲಿಲ್ಲ.

“ಇದು ಎತ್ತರ ಐತೆ, ನೆಟ್ಟಗೆ ನಡ್ಕಂಡು ಹೋಗ್ಬೌದು ಅಂತ ಬಂದೆ,” ಎಂದಳು ಅವ್ವ. “ನೀನು ಊರೂರು ತಿರುಗಿ ಗುಡ್ಲನ್ನೇ ತಂದೀಯಲ್ಲೋ. ಅದೂ ನನ್ನ ಹೆಸ್ರು ಹೇಳಿ.”

ನಾನು ಪರದೆಯ ಜಿಪ್ಪಿಗೆ ಕೈ ಹಾಕಿದೆ. ಅರ್ಧಕ್ಕೆ ಬಂದು ಬಟ್ಟೆ ಕಚ್ಚಿಕೊಂಡಿತು. ಮೇಲಕ್ಕೆಳೆದೆ, ಕೆಳಕ್ಕೆಳೆದೆ. ಅವ್ವ ಕಾಯಲಿಲ್ಲ. ತನ್ನ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು, ಹೊರಗೆ ಹೋಗಿ, ಟೆಂಟನ್ನು ಸುತ್ತಿ, ಹಿಂದಿನ ಬಾಗಿಲಿನಿಂದ ಮೊಮ್ಮಗಳ ಬಳಿಗೆ ಹೋದಳು. ಕಂಬಳಿ ಕೊಡವಿ ಹಾಸಿದ್ದು ಕೇಳಿಸಿತು. “ಆಕಡೆ ಸರಿ, ನನ್ನ ಪಕ್ಕ ಮಲಕ್ಕೋ. ಹೊಟ್ಟೆ ಎಲ್ಲಿ ನೋಯ್ತೈತೆ?” ಎಂದಿದ್ದು ಕೇಳಿಸಿತು. ಚಿಕ್ಕವಳು ತನ್ನ ದಿಂಬು ಹಿಡಿದು ಓಡಿದಳು. ಹೆಂಡತಿ ನನ್ನ ಮುಖವನ್ನೂ ನೋಡದೆ ಹಾಸಿಗೆ ಸುತ್ತಿಕೊಂಡಳು.

ಊಟ ಮುಗಿದು ಕತ್ತಲಾದ ಮೇಲೂ ಎಂಟು ಜನರ ಟೆಂಟಿನ ದೊಡ್ಡ ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ಕೈಕಾಲು ನಾಲ್ಕೂ ಚಾಚಿದರೂ ಯಾವ ಗೋಡೆಗೂ ತಾಕುವುದಿಲ್ಲ. ಆ ಕಡೆ ಇಬ್ಬರು ಮಲಗುವ ಜಾಗದಲ್ಲಿ ನಾಲ್ವರು ಸೇರಿಕೊಂಡು, ಅವ್ವ ಕಳೆದುಹೋದ ನಾಯಿಯ ಕತೆ ಶುರು ಮಾಡಿದ್ದಳು. ಆ ಹುಡುಗಿ ಯಾಕೆ ಎಂದು ಕೇಳದೆ ಹೋದಳಲ್ಲ, ಅಪ್ಪ ಹೇಳಿದರೆ ಸರಿ ಇರಬೇಕು ಎಂದು ಹೋದಳಲ್ಲ ಎಂಬುದನ್ನೇ ನೆನೆಯುತ್ತಾ ಮಲಗಿದ್ದೆ. ಕತೆ ಮುಗಿಯುವ ತನಕ ತಡೆದುಕೊಂಡು, ಪರದೆಯ ಹತ್ತಿರ ಹೋಗಿ ಕೂತು, “ನಾನೂ ಆ ಕಡೆ ಬರ್ಲಾ ಅವ್ವ?” ಎಂದು ಕೇಳಿದೆ.

ಆ ಕಡೆ ಯಾರೋ ಮಗ್ಗಲು ಬದಲಿಸಿದ ಸದ್ದಾಯಿತು.

“ಇಲ್ಲಿ ಜಾಗ ಇಲ್ಲ,” ಎಂದಳು ಅವ್ವ. “ನೀನು ಅಲ್ಲೇ ಇರು.”